ಅಗ್ಗದ ಓಪನ್ ಕಾರು, ಅಣಶಿಯ ಮಳೆ

ಹೊಸದಿದ್ದಾಗ ಶ್ರೀಮಂತರಷ್ಟೇ ಕೊಳ್ಳಬಹುದಾಗಿದ್ದ ಮರ್ಸಿಡಿಸ್ ಎಸ್‌ಎಲ್, ಬಿಎಂಡಬ್ಲ್ಯು ಜೆಡ್4ನಂಥ ಟಾಪ್ ತೆಗೆಯುವ ಕಾರುಗಳು ಹದಿನೈದಿಪ್ಪತ್ತು ವರ್ಷ ಕಳೆದ ಮೇಲೆ ‘ಸ್ಟಾರ್ಟ್ ಆಗುವುದಿಲ್ಲ, ಸಣ್ಣ ಕೆಲಸವಿದೆ’ ಎಂಬ ಒಂದು ಸಾಲಿನೊಂದಿಗೆ ಹೊಸ ಮಾರುತಿಯ ಬೆಲೆಗೆ ಮಾರಾಟಕ್ಕೆ ನಿಲ್ಲುತ್ತವೆ. ಜೊಯಿಡಾ, ದಾಂಡೇಲಿ ಕಡೆಯ ಹೋಂಸ್ಟೇ ಮಾಲೀಕರಿಗೋ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುವ ಯುವಕರಿಗೋ ಇಂಥ ಕಾರಿನ ಮೇಲೆ ಕಣ್ಣು ಬೀಳುವುದು ಸಹಜ. ಗೋವಾ ಪಕ್ಕದಲ್ಲೇ ಇದೆ. ಕುಂಬಾರವಾಡದಿಂದ ಅಣಶಿ ದಾಟಿ ಕದ್ರಾ ಕಡೆಗೆ ಇಳಿಯುವ ಘಟ್ಟದ ರಸ್ತೆಯನ್ನು ಡಿಸೆಂಬರಿನ ಬೆಳಿಗ್ಗೆ ಟಾಪ್ ತೆಗೆದ ಕಾರಿನಲ್ಲಿ ಇಳಿಯಬೇಕೆಂಬ ಆಸೆಯನ್ನು ತಪ್ಪೆನ್ನಲಾಗದು. ಆದರೆ ಆ ಕಾರಿನ ಕಡಿಮೆ ಬೆಲೆಯನ್ನು ಹೇಗೆ ಓದಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಅದು ರಿಯಾಯಿತಿ ಅಲ್ಲ, ಯಾರೋ ಒಪ್ಪದೆ ಬಿಟ್ಟ ಒಂದು ಎಸ್ಟಿಮೇಟು. ಕಾರು ನಿಂತ ದಿನ ಅದರ ಮಾಲೀಕ ಗ್ಯಾರೇಜಿಗೆ ಹೋಗಿರುತ್ತಾನೆ, ಖರ್ಚಿನ ಪಟ್ಟಿ ಬರೆಸಿಕೊಂಡಿರುತ್ತಾನೆ, ಆ ಮೊತ್ತ ಹಾಕಿ ರಿಪೇರಿ ಮಾಡಿಸುವುದಕ್ಕಿಂತ ಸಿಕ್ಕಷ್ಟಕ್ಕೆ ಮಾರುವುದೇ ಲಾಭವೆಂದು ತೀರ್ಮಾನಿಸಿರುತ್ತಾನೆ. ಆ ಕಾರನ್ನು ನಮಗಿಂತ ಚೆನ್ನಾಗಿ ಬಲ್ಲವನ ತೀರ್ಮಾನ ಅದು. ‘ಸಣ್ಣ ಕೆಲಸ’ ನಿಜಕ್ಕೂ ಸಣ್ಣದಾಗಿದ್ದರೆ ಅದನ್ನು ಮುಗಿಸಿ, ಓಡುವ ಕಾರಿನ ಬೆಲೆಗೇ ಮಾರುತ್ತಿದ್ದ.

ಹಾಗಾಗಿ ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ ಕಾರು ಎಷ್ಟಕ್ಕೆ ಸಿಗುತ್ತದೆ ಎಂದಲ್ಲ, ಯಾಕೆ ನಿಂತಿತು ಎಂದು. ಈ ಜಾತಿಯ ಕಾರುಗಳ ವಿಷಯದಲ್ಲಿ ಉತ್ತರ ಬಹಳ ಸಲ ನೀರಿನ ಬಳಿ ಹೋಗಿ ನಿಲ್ಲುತ್ತದೆ. ಟಾಪ್ ಮಡಚುವ ಕಾರಿಗೆ ಕದಲದ ಛಾವಣಿಯ ರಕ್ಷಣೆ ಇರುವುದಿಲ್ಲ. ಮಡಚುವ ಟಾಪ್, ರಬ್ಬರಿನ ಅಂಚುಗಳು, ಸಣ್ಣ ಚರಂಡಿ ಕೊಳವೆಗಳು ಸೇರಿಯೇ ನೀರನ್ನು ಹೊರಗಿಡಬೇಕು. 2002ರಿಂದ 2008ರವರೆಗೆ ತಯಾರಾದ ಮೊದಲ ತಲೆಮಾರಿನ ಜೆಡ್4ನಲ್ಲಿ ಟಾಪ್ ಎತ್ತಿಳಿಸುವ ಹೈಡ್ರಾಲಿಕ್ ಮೋಟಾರನ್ನು ಹಿಂಭಾಗದ ತಗ್ಗಿನಲ್ಲಿ ಕೂರಿಸಿದ್ದಾರೆ. ಪಕ್ಕದ ಚರಂಡಿ ಕೊಳವೆಯಲ್ಲಿ ಎಲೆ, ಕಸ ಕಟ್ಟಿಕೊಂಡರೆ ಮಳೆನೀರು ಹೋಗಿ ಸೇರುವುದು ಆ ಮೋಟಾರಿನ ಮೇಲೆಯೇ. ಈ ಕಾರಿನ ಅತ್ಯಂತ ಹೆಸರಾಂತ ರೋಗ ಇದು. ಅದೇ ಕಾಲದ ಆಡಿ ಎ4 ಕ್ಯಾಬ್ರಿಯೊಲೆಯಲ್ಲಿ ಬಾಗಿಲು, ಕಿಟಕಿ, ದೀಪಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಕಾಲಿಡುವ ಜಾಗದ ಕಾರ್ಪೆಟ್ಟಿನ ಕೆಳಗಿರುತ್ತದೆ. ಕಾರ್ಪೆಟ್ ನೆನೆದರೆ ಪೆಟ್ಟಿಗೆಯೂ ಹೋಯಿತು. ಜರ್ಮನಿಯ ಮಳೆಗೇ ಸೋತ ವಿನ್ಯಾಸಗಳಿವು.

ಇಂಥ ಕಾರನ್ನು ಅಣಶಿಗೆ ತಂದು ನಿಲ್ಲಿಸಿದರೆ ಏನಾಗುತ್ತದೆ? ಜೊಯಿಡಾ ತಾಲ್ಲೂಕಿನ ಮಳೆ ಏನೆಂದು ಕ್ಯಾಸಲ್‌ರಾಕ್ ಒಂದೇ ಹೇಳುತ್ತದೆ. ಅಲ್ಲಿ ವರ್ಷಕ್ಕೆ 5,000 ಮಿಲಿಮೀಟರಿನ ಆಸುಪಾಸು ಬೀಳುವುದು ಸುದ್ದಿಯೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿದು. ಚರ್ಮದ ಸೀಟು, ಬಟ್ಟೆಯ ಟಾಪ್, ನೂರಾರು ವೈರಿನ ಜೋಡಣೆಗಳಿರುವ ಕಾರನ್ನು ತಾಡಪತ್ರಿ ಹೊದಿಸಿ ನಿಲ್ಲಿಸಿದರೆ ಒಳಗಿನ ತೇವ ಹೊರಗೆ ಹೋಗದೆ ಕಾರು ಇನ್ನಷ್ಟು ಹಾಳಾಗುತ್ತದೆ. ಕಾಡಿನ ಅಂಚಿನ ಮನೆಗಳಲ್ಲಿ ಇಲಿ ಹೆಗ್ಗಣಗಳ ಕಾಟ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಅಲುಗಾಡದ ಕಾರಿನ ಬಾನೆಟ್ಟು ಅವಕ್ಕೆ ಸಿದ್ಧ ಗೂಡು, ವೈರಿನ ಹೊದಿಕೆ ಹಲ್ಲುಜ್ಜುವ ಕಡ್ಡಿ. ಪೆಟ್ರೋಲ್ ಕೂಡ ಈಗ ಮೊದಲಿನದಲ್ಲ. ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ಬಹುಕಾಲ ನಿಂತರೆ ನೀರಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಅದಕ್ಕೆಂದು ತಯಾರಿಸದ ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಒಣಹವೆಯ ಊರಿನಲ್ಲಿ ಒಂದು ವರ್ಷ ನಿಂತ ಕಾರೂ ಇಲ್ಲಿ ಒಂದು ಮಳೆಗಾಲ ನಿಂತ ಕಾರೂ ಒಂದೇ ಅಲ್ಲ. ಕೊಂಡ ದಿನದ ಎಸ್ಟಿಮೇಟು ಇಲ್ಲಿ ಮಳೆಗಾಲದಿಂದ ಮಳೆಗಾಲಕ್ಕೆ ಬೆಳೆಯುತ್ತದೆ.

ನೀರಿನ ಇನ್ನೊಂದು ಕಥೆ ಬೆಂಗಳೂರಿನದು. 2022ರ ಸೆಪ್ಟೆಂಬರ್ ಮೊದಲ ವಾರ ಯಮಲೂರು ಸುತ್ತಲಿನ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳು ಕೆಸರುನೀರಿನಲ್ಲಿ ಮುಳುಗಿದ ಚಿತ್ರಗಳನ್ನು ಇಡೀ ದೇಶ ನೋಡಿತು. ದುರಸ್ತಿಯ ಖರ್ಚು ವಿಮಾ ಮೌಲ್ಯದ ಶೇ 75ನ್ನು ದಾಟಿದರೆ ವಿಮಾ ಕಂಪನಿಗಳು ಅಂಥ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸಿ ಪರಿಹಾರ ಕೊಡುತ್ತವೆ. ಆಮೇಲೆ ಕಾರು ಹರಾಜಿಗೆ ಹೋಗುತ್ತದೆ. ಅಲ್ಲಿಂದ ಕೈ ಬದಲಾಗುತ್ತಾ, ಸೀಟು ತೊಳೆದು ಪಾಲಿಶ್ ಹೊಡೆದ ಮೇಲೆ ಅದು ನೆರೆಯ ಕಾರು ಎಂದು ಮೇಲ್ನೋಟಕ್ಕೆ ತಿಳಿಯುವುದೇ ಇಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ತುದಿಯಲ್ಲಿ ಕಾಣುವ ಕೆಸರಿನ ಗೆರೆ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಸ್ಟೆಪ್ನಿಯ ಗುಂಡಿಯ ಹೂಳು: ಮಾರುವವನ ಮಾತಿಗಿಂತ ಇವನ್ನು ನಂಬುವುದು ಮೇಲು. ವಿಮಾ ಕಂಪನಿಯಲ್ಲಿ ಹಳೆಯ ಕ್ಲೇಮುಗಳ ವಿವರ ಕೇಳಲು ಮಾರುವವನು ಹಿಂಜರಿದರೆ ಮಾತು ಅಲ್ಲಿಗೇ ಮುಗಿಸಬಹುದು.

ನೀರು ಬಿಟ್ಟರೆ ಉಳಿಯುವುದು ಎಲೆಕ್ಟ್ರಾನಿಕ್ಸ್. 2001ರಲ್ಲಿ ಬಂದ ಆರ್230 ಮಾದರಿಯ ಎಸ್‌ಎಲ್‌ಗೆ ಮರ್ಸಿಡಿಸ್ ವಿದ್ಯುತ್ ನಿಯಂತ್ರಿತ ಬ್ರೇಕ್ ಕೊಟ್ಟಿತು. ಬ್ರೇಕ್ ಎಷ್ಟು ಸಲ ಒತ್ತಿದ್ದೀರಿ ಎಂಬ ಲೆಕ್ಕವನ್ನು ಆ ಘಟಕ ತಾನೇ ಇಟ್ಟುಕೊಳ್ಳುತ್ತದೆ. ನಿಗದಿತ ಸಂಖ್ಯೆ ದಾಟಿದರೆ ಬದಲಾಯಿಸಿ ಎಂದು ಕೆಂಪು ಅಕ್ಷರದಲ್ಲಿ ಹೇಳುತ್ತದೆ. ತುಂಬಾ ದೂರುಗಳು ಬಂದ ಮೇಲೆ ಕಂಪನಿಯೇ 2004, 2005ರಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸು ಕರೆದು ಸರಿಪಡಿಸಬೇಕಾಯಿತು. ಅದಕ್ಕಿಂತ ಹಿಂದಿನ, 1990ರ ದಶಕದ ಮೊದಲರ್ಧದ ಹಲವು ಮರ್ಸಿಡಿಸ್ ಎಂಜಿನ್‌ಗಳಲ್ಲಿ ವೈರಿನ ಹೊದಿಕೆಯೇ ಎಂಜಿನ್ನಿನ ಬಿಸಿಗೆ ಒಣಗಿ ಪುಡಿಯಾಗುತ್ತದೆ. ಕೀಲಿ ಕಳೆದುಹೋದ ಕಾರು ಇನ್ನೂ ಕಷ್ಟ. ಈ ಕಾರುಗಳ ಕೀಲಿ ಬರಿಯ ಲೋಹದ ತುಂಡಲ್ಲ. ಕಾರಿನ ಕಂಪ್ಯೂಟರಿಗೆ ಒಪ್ಪಿಗೆಯಾಗುವ ಸಂಕೇತ ಅದರಲ್ಲಿರಬೇಕು. ಒಂದೂ ಕೀಲಿ ಇಲ್ಲದ ಕಾರಿಗೆ ಅಗ್ಗದ ಬೆಲೆ ಹೇಳಿದರೆ ಅದು ಅಗ್ಗವಲ್ಲ.

ಇದಕ್ಕೆ ಮೊದಲ ಆಕ್ಷೇಪ ನಮ್ಮ ಮಿಸ್ತ್ರಿಗಳ ಕೈಚಳಕದ್ದು. ದಾಂಡೇಲಿಯ ಕಾಗದ ಕಾರ್ಖಾನೆಗೆ ಮರ, ಬಿದಿರು ಹೊತ್ತ ಲಾರಿಗಳನ್ನು ದಶಕಗಳ ಕಾಲ ಓಡಿಸಿದ ಊರಿನ ಗ್ಯಾರೇಜುಗಳು ಏನನ್ನು ಬೇಕಾದರೂ ರಿಪೇರಿ ಮಾಡುತ್ತವೆ, ದಿಲ್ಲಿಯ ಮಾಯಾಪುರಿ ಗುಜರಿಯಲ್ಲಿ ಸಿಗದ ಭಾಗವಿಲ್ಲ, ಮತ್ತೇನು ಭಯ ಎನ್ನುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಎಂಜಿನ್ ಬಿಚ್ಚುವುದು, ಸಸ್ಪೆನ್ಷನ್ ಕಟ್ಟುವುದು, ತಗಡು ಬೆಸೆಯುವುದು ಇವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಇಂಥ ಕಾರಿನಲ್ಲಿ ಕೆಡುವುದು ಕೈಗೆ ಕಾಣುವ ಭಾಗವಲ್ಲ. ಯಾವ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಕಂಡುಹಿಡಿಯಲು ಆಯಾ ಕಂಪನಿಯ ಸ್ಕ್ಯಾನರ್, ಸಾಫ್ಟ್‌ವೇರ್ ಬೇಕು. ಗುಜರಿಯಿಂದ ತಂದ ಪೆಟ್ಟಿಗೆಯನ್ನು ಕಾರಿಗೆ ಜೋಡಿಸಿದ ಮೇಲೂ ಅದನ್ನು ಕಾರು ಒಪ್ಪುವಂತೆ ಕೋಡ್ ಮಾಡಬೇಕು. ಅಣಶಿಯಿಂದ ದಾಂಡೇಲಿಗೂ ಕಾರವಾರಕ್ಕೂ ಐವತ್ತು ಕಿಲೋಮೀಟರಿನ ಆಚೀಚೆ ದೂರ. ಪರಿಣತ ಗ್ಯಾರೇಜು ಬೇಕೆಂದರೆ ಹುಬ್ಬಳ್ಳಿ, ಬೆಳಗಾವಿ, ಗೋವಾ. ಓಡದ ಕಾರು ಪ್ರತಿ ಸಲವೂ ಟ್ರಕ್ಕಿನ ಮೇಲೆಯೇ ಹೋಗಬೇಕು, ಟ್ರಕ್ಕಿನ ಮೇಲೆಯೇ ಬರಬೇಕು. 2021ರ ಜುಲೈನಲ್ಲಿ ಆದಂತೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದರೆ ಕಾರವಾರದ ದಾರಿಯೂ ಇಲ್ಲ.

ಕಾಗದದ ವಿಷಯ ಚಿಕ್ಕದೆಂದು ಭಾವಿಸುವವರೇ ಹೆಚ್ಚು. ಗೋವಾದಿಂದ ಬರುವ ಕಾರಿಗೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಮಾಲೀಕತ್ವ ಬದಲಿಸಲು ಫಾರ್ಮ್ 29 ಮತ್ತು 30, ಸಾಲವಿದ್ದರೆ ಬ್ಯಾಂಕು ಸಹಿ ಮಾಡಿದ ಫಾರ್ಮ್ 35 ಬೇಕು. ಹನ್ನೆರಡು ತಿಂಗಳು ಮೀರಿ ಇಲ್ಲೇ ಇದ್ದರೆ ದಾಂಡೇಲಿ ಕಚೇರಿಯಲ್ಲಿ ಕೆಎ-65 ಸಂಖ್ಯೆ ಪಡೆಯಬೇಕು. ಜೀವಾವಧಿ ತೆರಿಗೆಯ ಲೆಕ್ಕ ನೀವು ಕೊಟ್ಟ ಅಗ್ಗದ ಬೆಲೆಯಿಂದಲ್ಲ, ಕಾರಿನ ಮೂಲ ಬೆಲೆಯಿಂದ ಶುರುವಾಗುತ್ತದೆ. ವಯಸ್ಸಿಗೆ ತಕ್ಕ ಕಡಿತ ಅದರ ಮೇಲೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಈ ತೆರಿಗೆಯ ದರ ಶೇ 18. ಹದಿನೈದು ವರ್ಷ ದಾಟಿದ ಆಮದು ಕಾರಿನ ನೋಂದಣಿ ನವೀಕರಿಸಲು 2022ರ ಏಪ್ರಿಲ್‌ನಿಂದ 40,000 ರೂಪಾಯಿ ಶುಲ್ಕ. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ ಅದನ್ನು 80,000ಕ್ಕೆ ಏರಿಸಿದರು. ಅದಕ್ಕೂ ಮೊದಲು ಕಾರು ಓಡಬೇಕು, ತಪಾಸಣೆಯಲ್ಲಿ ಪಾಸಾಗಬೇಕು. ಓಡದ ಕಾರಿಗೆ ನವೀಕರಣವಿಲ್ಲ, ನವೀಕರಣವಿಲ್ಲದ ಕಾರನ್ನು ರಸ್ತೆಗೆ ತರುವಂತಿಲ್ಲ.

ಹೋಂಸ್ಟೇ ಅತಿಥಿಗಳನ್ನು ಕೂರಿಸಿ ತಿರುಗಾಡಿಸಿದರೆ ಹಾಕಿದ ಹಣ ವಾಪಸು ಬರುತ್ತದೆ ಎಂಬ ಲೆಕ್ಕಾಚಾರವೂ ನಿಲ್ಲುವುದಿಲ್ಲ. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಅಕ್ರಮ. ಐವತ್ತು ವರ್ಷ ದಾಟಿದ ಕಾರಾದರೆ 2021ರ ವಿಂಟೇಜ್ ನಿಯಮದಡಿ ನೋಂದಾಯಿಸಬಹುದು, ಆದರೆ ಆ ನಿಯಮವೂ ವಾಣಿಜ್ಯ ಬಳಕೆಯನ್ನು ತಡೆಯುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿ ದಾರಿಗೆ ಅರಣ್ಯ ಇಲಾಖೆ ಒಪ್ಪಿದ ವಾಹನಗಳಿಗಷ್ಟೇ ಪ್ರವೇಶ.

ಧರ್ಮಸ್ಥಳದ ಉದಾಹರಣೆಯನ್ನು ಎತ್ತುವವರಿಗೂ ಉತ್ತರ ಹೇಳಬೇಕು. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳನ್ನು ನೋಡಿದವರಿಗೆ ಸತ್ತ ವಾಹನಕ್ಕೆ ಜೀವ ಬರುತ್ತದೆ ಎಂಬುದರಲ್ಲಿ ಅನುಮಾನ ಉಳಿಯದು. ಆದರೆ ಅಂಥ ಸಂಗ್ರಹದ ಹಿಂದೆ ಮಳೆ ತಾಗದ ಕಟ್ಟಡ, ಸಂಬಳದ ಕೆಲಸಗಾರರು, ಅವಸರವಿಲ್ಲದ ಒಂದು ಸಂಸ್ಥೆ ಇದೆ. ಅದಕ್ಕಿಂತ ಮುಖ್ಯವಾಗಿ, ಅರ್ಧ ಶತಮಾನ ದಾಟಿದ ಕಾರುಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಅವುಗಳ ಕೆಟ್ಟ ಭಾಗವನ್ನು ಲೇತ್ ಯಂತ್ರದ ಮೇಲೆ ಮಾಡಿಕೊಳ್ಳಬಹುದು; 2003ರ ಎಲೆಕ್ಟ್ರಾನಿಕ್ ಘಟಕವನ್ನು ಮಾಡಲಾಗದು. ಈ ಕಾರಣಕ್ಕೆ 1960ರ ಕಾರಿಗಿಂತ 2003ರ ಕಾರಿಗೆ ಜೀವ ತುಂಬುವುದು ಕಷ್ಟ.

‘ಇದು ಹವ್ಯಾಸ, ಲಾಭನಷ್ಟದ ಮಾತೇಕೆ’ ಎನ್ನುವುದು ಕೊನೆಯ ಆಕ್ಷೇಪ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಭಾನುವಾರ ಕೈಗೆ ಗ್ರೀಸು ಹಚ್ಚಿಕೊಳ್ಳುವ ಸುಖಕ್ಕೆ ರೂಪಾಯಿಯ ಲೆಕ್ಕ ಬೇಕಿಲ್ಲ. ಆದರೆ ಹವ್ಯಾಸವೆಂದರೆ ಕೈಗೆ ಕೆಲಸ ಸಿಗಬೇಕಲ್ಲವೇ? ಎಲೆಕ್ಟ್ರಾನಿಕ್ ಕನ್ವರ್ಟಿಬಲ್ ಕೊಡುವುದು ಕೆಲಸಕ್ಕಿಂತ ಹೆಚ್ಚಾಗಿ ಕಾಯುವಿಕೆ: ಕೊರಿಯರ್ ಬರಲಿ, ಸ್ಕ್ಯಾನರ್ ಇರುವವನು ಬಿಡುವಾಗಲಿ, ಮಳೆ ನಿಲ್ಲಲಿ. ಟಾಪ್ ತೆಗೆದು ಕಾಡಿನ ರಸ್ತೆಯಲ್ಲಿ ಹೋಗಬೇಕೆಂಬ ಆಸೆಗೆ ಈ ಸೀಮೆಯೇ ಉತ್ತರ ಕಂಡುಕೊಂಡಿದೆ. ಸ್ವಾತಂತ್ರ್ಯದ ಹೊತ್ತಿನಿಂದ ಮಹೀಂದ್ರ ಜೋಡಿಸಿ ಮಾರಿದ ವಿಲ್ಲೀಸ್ ಜೀಪು, ಅದರ ವಂಶದ ಜೀಪುಗಳು, 1985ರಲ್ಲಿ ಬಂದ ಮಾರುತಿ ಜಿಪ್ಸಿ ಇಂದಿಗೂ ಈ ರಸ್ತೆಗಳಲ್ಲಿವೆ. ಕ್ಯಾನ್ವಾಸ್ ಟಾಪನ್ನು ಕೈಯಿಂದಲೇ ತೆಗೆದಿಡುವುದು, ನೆನೆದರೆ ನೆಲದ ತೂತಿನ ಬೂಚು ಎಳೆದು ನೀರು ಬಿಡುವುದು, ಮತ್ತೆ ಹೊರಡುವುದು. ಕಾರೇ ಬೇಕೆನ್ನುವವರಿಗೆ ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಇದೆ. ಫೈಬರ್ ಬಾಡಿ ತುಕ್ಕು ಹಿಡಿಯದು, ರೆನೊ ಕಂಪನಿಯ ಸಣ್ಣ ಎಂಜಿನ್ನಿನಲ್ಲಿ ಗೂಢವೇನೂ ಇಲ್ಲ. ಮೈಮೇಲೆ ಬೆಳ್ಳಿಯ ನಕ್ಷತ್ರವಿಲ್ಲ ಅಷ್ಟೇ.

ಇಷ್ಟರ ಮೇಲೂ ಎಸ್‌ಎಲ್ ಅಥವಾ ಜೆಡ್4 ಬೇಕೇ ಬೇಕೆಂದರೆ ಕೊಳ್ಳಬಾರದೆಂದು ನಾನು ಹೇಳಲಾರೆ. ಒರಿಜಿನಲ್ ಆರ್‌ಸಿ ಮಾರುವವನ ಹೆಸರಿನಲ್ಲೇ ಇರಬೇಕು. ಕೆಲಸ ಮಾಡುವ ಕೀಲಿ ಬೇಕು, ಎರಡಿದ್ದರೆ ಇನ್ನೂ ಒಳ್ಳೆಯದು. ಎಂಜಿನ್ ಜಾಮ್ ಆಗಿಲ್ಲವೆಂದು ಸ್ಪ್ಯಾನರಿನಿಂದ ತಿರುಗಿಸಿ ನೋಡಬೇಕು. ಕಾರು ನಿಂತಾಗ ಗ್ಯಾರೇಜು ಬರೆದುಕೊಟ್ಟ ಎಸ್ಟಿಮೇಟಿನ ಪ್ರತಿ ಕೇಳಬೇಕು. ಇಲ್ಲವೆಂದರೆ ನಿಮ್ಮದೇ ಖರ್ಚಿನಲ್ಲಿ ಸ್ಕ್ಯಾನ್ ಮಾಡಿಸಿ ಹೊಸದೊಂದು ಬರೆಸಬೇಕು. ಆ ಮೊತ್ತವನ್ನು ಕಾರಿನ ಬೆಲೆಗೆ ಕೂಡಿಸಿ, ಅದೇ ಮಾದರಿಯ ಓಡುವ ಕಾರಿನ ಬೆಲೆಯ ಪಕ್ಕದಲ್ಲಿಡಿ. ಹೆಚ್ಚಾದರೆ ಓಡುವ ಕಾರನ್ನೇ ಕೊಳ್ಳಿ. ಕಡಿಮೆಯಾದರೆ ಕೊಳ್ಳಬಹುದು, ಆದರೆ ನಾಲ್ಕು ಗೋಡೆ, ಗಟ್ಟಿ ಛಾವಣಿ, ಸಿಮೆಂಟು ನೆಲದ ಶೆಡ್ಡು ಮೇ ತಿಂಗಳೊಳಗೆ ಎದ್ದು ನಿಂತಿದ್ದರೆ ಮಾತ್ರ ಮುಂಗಡ ಕೊಡಿ.