ಮೃಗಾಲಯದ ಮಹಾವಾನರರೂ ಛಾಯಾಚಿತ್ರವೂ

ಹಲ್ಲು ಕಿರಿದ ಚಿಂಪಾಂಜಿಯ ಮುಖವನ್ನು ವಾಚಕರು ಕ್ಯಾಲೆಂಡರುಗಳಲ್ಲಿಯೋ ಜಾಹೀರಾತುಗಳಲ್ಲಿಯೋ ನೋಡಿರಬಹುದು. ಎಷ್ಟು ಸೊಗಸಾಗಿ ನಗುತ್ತಿದೆಯೆಂದು ನೋಡಿದವರು ತಾವೂ ನಗುತ್ತಾರೆ. ಪ್ರಾಣಿಶಾಸ್ತ್ರಜ್ಞರು ಆ ಮುಖವನ್ನು ಓದುವ ಬಗೆಯೇ ಬೇರೆ. ತುಟಿಗಳು ಹಿಂದಕ್ಕೆ ಸೆಳೆದು ಎರಡು ಸಾಲು ಹಲ್ಲುಗಳೂ ಹೊರಗೆ ಕಂಡರೆ, ಅದು ಸಾಮಾನ್ಯವಾಗಿ ಅಂಜಿಕೆಯ ಅಥವಾ ಬಲಶಾಲಿಗೆ ಮಣಿಯುವ ಸೂಚನೆ. ನಿಜವಾಗಿ ಆಟದ ಉಲ್ಲಾಸದಲ್ಲಿರುವ ಚಿಂಪಾಂಜಿಯ ಕೆಳದವಡೆ ಸಡಿಲವಾಗಿ ಜೋತಿರುತ್ತದೆ. ಬಾಯಿ ತೆರೆದಿದ್ದರೂ ಮೇಲಿನ ಹಲ್ಲುಗಳನ್ನು ತುಟಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಛಾಯಾಚಿತ್ರವು ಸುಳ್ಳು ಹೇಳಲಿಲ್ಲ. ಅದನ್ನು ಓದಲು ನಾವು ಕಲಿತಿರಲಿಲ್ಲ, ಅಷ್ಟೆ.

ಇದೇ ಪಾಠವನ್ನು ರಾಜರಾಜೇಶ್ವರಿನಗರದ ವಿದ್ಯಾರ್ಥಿಗಳು ತಮ್ಮ ಮನೆಯ ತಾರಸಿಯಲ್ಲಿಯೇ ಆರಂಭಿಸಬಹುದು. ತಲೆಯ ಮೇಲೆ ಟೋಪಿಯಿಟ್ಟಂತೆ ಕೂದಲು ಹರಡಿರುವ ನಮ್ಮ ನಾಡಿನ ಕೋತಿಯೂ ತನಗಿಂತ ಮೇಲಿನದಕ್ಕೆ ಅಂಜಿದಾಗ ಹಲ್ಲು ಕಿರಿಯುತ್ತದೆ. ಆದರೆ ಕೋತಿ ಮಹಾವಾನರವಲ್ಲ. ಕೋತಿಗೆ ಉದ್ದವಾದ ಬಾಲವುಂಟು. ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್ ಎಂಬ ಮಹಾವಾನರಗಳಿಗೆ ಬಾಲವೇ ಇಲ್ಲ. ಇವು ಆಫ್ರಿಕದ ಮತ್ತು ಆಗ್ನೇಯ ಏಷ್ಯದ ಕಾಡುಗಳ ನಿವಾಸಿಗಳು. ಇವುಗಳಲ್ಲಿ ಕೆಲವನ್ನು ಕಾಣಬಯಸುವವರು ನಗರದ ಹೆಬ್ಬಾಗಿಲ ಮುಂದೆ ಹಾದುಹೋಗುವ ಮೈಸೂರು ರಸ್ತೆಯನ್ನೇ ಹಿಡಿದು, 1892ರಲ್ಲಿ ಸ್ಥಾಪನೆಯಾದ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಹೋಗಬೇಕು.

ಈ ಮೃಗಾಲಯದಲ್ಲಿ ಪೋಲೋ ಎಂಬ ಗಂಡು ಗೊರಿಲ್ಲಾ ಇತ್ತು. ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಅದು 2014ರಲ್ಲಿ ತೀರಿಕೊಂಡಿತು. ಬಹುಕಾಲ ಅದು ಜೊತೆಯಿಲ್ಲದೆ ಒಂಟಿಯಾಗಿಯೇ ಬಾಳಿತು. ಅದರ ಗಂಭೀರವಾದ ಮುಖವನ್ನು ಸೆರೆಹಿಡಿದ ಪ್ರೇಕ್ಷಕರು ಅಸಂಖ್ಯರು. ಆದರೆ ಗೊರಿಲ್ಲಾ ಸಂಘಜೀವಿ. ಕಾಡಿನಲ್ಲಿ ಬೆಳ್ಳಿಬೆನ್ನಿನ ಹಿರಿಯ ಗಂಡಿನ ಸುತ್ತ ಹೆಣ್ಣುಗಳೂ ಮರಿಗಳೂ ಇರುತ್ತವೆ. ಆದುದರಿಂದ ಪೋಲೋವಿನ ಚಿತ್ರಗಳಲ್ಲಿ ಮುಖ್ಯವಾದ ಸಂಗತಿಯೆಂದರೆ, ಚೌಕಟ್ಟಿನೊಳಗೆ ಇಲ್ಲದ್ದು. ಮುಂದೆ 2021ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಜೊತೆಯಾಗಿಯೇ ಬಂದವು. ಸೆರೆಯಲ್ಲಿರುವ ಪ್ರಾಣಿಯ ಸಹಜ ನಡವಳಿಕೆಯನ್ನು ಬಲ್ಲವನಿಗೆ ಈ ಒಂದು ವ್ಯತ್ಯಾಸದ ಮಹತ್ವವು ಕೂಡಲೇ ಹೊಳೆಯುತ್ತದೆ.

ಹಾಗಾದರೆ ಸಹಜವಾದುದು ಯಾವುದು? ಮೊದಲು ನಡಿಗೆಯನ್ನು ನೋಡಬೇಕು. ಗೊರಿಲ್ಲಾ ಮತ್ತು ಚಿಂಪಾಂಜಿಗಳು ಬೆರಳುಗಳನ್ನು ಒಳಕ್ಕೆ ಮಡಿಸಿ, ಗೆಣ್ಣುಗಳ ಮೇಲೆ ಭಾರವಿಟ್ಟು ನಡೆಯುತ್ತವೆ. ಮರದಲ್ಲಿಯೇ ಹೆಚ್ಚು ಕಾಲ ಕಳೆಯುವ ಒರಾಂಗುಟಾನ್ ನೆಲಕ್ಕಿಳಿದಾಗ ಮುಷ್ಟಿಯನ್ನೋ ಅಂಗೈಯ ಅಂಚನ್ನೋ ಊರುತ್ತದೆ. ಅದು ಕಾಡಿನಲ್ಲಿ ಸಂಜೆಯಾದೊಡನೆ ಕೊಂಬೆಗಳನ್ನು ಬಾಗಿಸಿ ಮಲಗಲು ಗೂಡು ಕಟ್ಟಿಕೊಳ್ಳುತ್ತದೆ. ಮರಿಗಳು ತಾಯಿಯನ್ನು ವರ್ಷಗಟ್ಟಲೆ ನೋಡಿ ಕಲಿಯುವ ವಿದ್ಯೆ ಇದು. ಇನ್ನು ಗೊರಿಲ್ಲಾ ಎದೆ ಬಡಿದುಕೊಳ್ಳುವುದು ಬಿಗಿಮುಷ್ಟಿಯಿಂದಲ್ಲ, ಬೊಗಸೆಯಂತೆ ಬಾಗಿದ ಅಂಗೈಗಳಿಂದ. ದೊಡ್ಡ ದೇಹದ ಗಂಡಿನ ಎದೆಯ ಸದ್ದಿನ ಶ್ರುತಿ ತಗ್ಗಾಗಿರುತ್ತದೆಂದು ರುವಾಂಡದ ಗೊರಿಲ್ಲಾಗಳನ್ನು ಕುರಿತು 2021ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಅಲ್ಲಿ ವಿಜ್ಞಾನಿಗಳು ದೇಹದ ಗಾತ್ರವನ್ನು ಪ್ರಾಣಿಯನ್ನು ಮುಟ್ಟದೆ, ಛಾಯಾಚಿತ್ರಗಳಿಂದಲೇ ಅಳೆದಿದ್ದರು. ಹಿಂದೆ 1967ರಲ್ಲಿ ರುವಾಂಡದ ಬೆಟ್ಟಗಳಲ್ಲಿ ಕೆಲಸ ಆರಂಭಿಸಿದ ಡಯಾನ್ ಫಾಸ್ಸಿ ಎಂಬ ವಿದುಷಿ, ಮೂಗಿನ ಮೇಲಿನ ಗೆರೆಗಳಿಂದ ಒಂದೊಂದು ಗೊರಿಲ್ಲಾವನ್ನೂ ಗುರುತಿಸುತ್ತಿದ್ದರು. ನಮ್ಮ ಬೆರಳಚ್ಚಿನಂತೆ ಆ ಗೆರೆಗಳು ಪ್ರತಿಯೊಂದಕ್ಕೂ ಬೇರೆ.

ಸೆರೆವಾಸದ ಕುರುಹುಗಳೂ ಉಂಟು. ತನ್ನ ಕೂದಲನ್ನೇ ಕಿತ್ತುಕೊಳ್ಳುವುದು, ಕುಳಿತಲ್ಲಿಯೇ ಹಿಂದೆ ಮುಂದೆ ತೂಗಾಡುವುದು, ನುಂಗಿದ ಆಹಾರವನ್ನು ಕಕ್ಕಿ ಮತ್ತೆ ತಿನ್ನುವುದು, ಇವು ಸೆರೆಯಲ್ಲಿ ಬಹಳವಾಗಿ ಕಂಡುಬರುವ ಅಭ್ಯಾಸಗಳು. ಆಹಾರವನ್ನು ಬಚ್ಚಿಟ್ಟು ಹುಡುಕುವಂತೆ ಮಾಡುವುದು, ಹತ್ತಲು ಮರದ ದಿಮ್ಮಿಗಳನ್ನು, ಎಳೆಯಲು ಹಗ್ಗಗಳನ್ನು ಒದಗಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ತಕ್ಕ ಜೊತೆಯನ್ನು ಕೊಡುವುದು ಇಂತಹ ಅಭ್ಯಾಸಗಳನ್ನು ತಗ್ಗಿಸುವ ಮಾರ್ಗಗಳು. ಇವು ಫಲಿಸಿದವೇ ಎಂಬುದನ್ನು ಅರಿಯಲು ಒಂದು ಸುಂದರ ಚಿತ್ರ ಸಾಲದು. ಹಲವು ಚಿತ್ರಗಳ ಸರಣಿ ಬೇಕು.

ಈ ಸರಣಿಯನ್ನು ವಿದ್ಯಾರ್ಥಿಗಳೂ ತೆಗೆಯಬಲ್ಲರು. ಒಂದೇ ಪ್ರಾಣಿಯ ಮುಂದೆ ಎರಡು ಗಂಟೆ ನಿಂತು, ಪ್ರತಿ ಐದು ನಿಮಿಷಕ್ಕೊಮ್ಮೆ ಅದು ಏನು ಮಾಡುತ್ತಿದ್ದರೂ ಒಂದು ಚಿತ್ರ ತೆಗೆಯಿರಿ. ಚೆಂದದ ಭಂಗಿಗಾಗಿ ಕಾಯಬೇಡಿ. ಸಮಯವನ್ನೂ ನಡವಳಿಕೆಯನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ. ಕೊನೆಗೆ 24 ಚಿತ್ರಗಳಲ್ಲಿ ತಿನ್ನುವುದೆಷ್ಟು, ವಿರಮಿಸುವುದೆಷ್ಟು, ಆಡುವುದೆಷ್ಟು ಎಂದು ಎಣಿಸಿದರೆ, ಪ್ರಾಣಿಯ ಆ ಹೊತ್ತಿನ ದಿನಚರಿಯು ತಾನಾಗಿಯೇ ಮೂಡುತ್ತದೆ.

ತಂತ್ರದ ಕೆಲವು ಮಾತುಗಳು ಅವಶ್ಯಕ. ಗೊರಿಲ್ಲಾದ ಕಪ್ಪು ಮೈ ಚೌಕಟ್ಟನ್ನು ತುಂಬಿದಾಗ ಕ್ಯಾಮರಾದ ಬೆಳಕುಮಾಪಕವು ಅದನ್ನು ಬೂದುಬಣ್ಣವೆಂದೇ ಎಣಿಸಿ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಬೆಳಕನ್ನು ಸ್ವಲ್ಪ ತಗ್ಗಿಸಿಕೊಂಡರೆ ಕಪ್ಪು ಕಪ್ಪಾಗಿಯೇ ಬರುತ್ತದೆ. ಹುಬ್ಬಿನ ಮೂಳೆ ಮುಂಚಾಚಿರುವುದರಿಂದ ನಡುಹಗಲಿನ ಬಿಸಿಲಿನಲ್ಲಿ ಕಣ್ಣುಗಳು ನೆರಳಿನಲ್ಲಿ ಮರೆಯಾಗುತ್ತವೆ. ಮೋಡ ಕವಿದ ದಿನವೇ ಮೇಲು. ಗಾಜಿನ ತಡೆಯಿದ್ದಲ್ಲಿ ಮಸೂರವನ್ನು ಗಾಜಿಗೆ ತಾಗಿಸಿದಂತೆ ಹಿಡಿದರೆ ಪ್ರತಿಬಿಂಬ ತಪ್ಪುತ್ತದೆ. ಫ್ಲಾಷ್ ಬೆಳಕನ್ನು ಬಳಸಲೇಬಾರದು. ಕೂಗುವುದು, ಗಾಜನ್ನು ತಟ್ಟುವುದು, ತಿಂಡಿಯೆಸೆಯುವುದು ಇವುಗಳಿಂದ ದೊರೆಯುವುದು ನಮ್ಮ ಕೀಟಲೆಗೆ ಪ್ರಾಣಿ ಕೊಟ್ಟ ಉತ್ತರದ ಚಿತ್ರವೇ ಹೊರತು ಅದರ ಸಹಜ ನಡವಳಿಕೆಯದಲ್ಲ. ಗೊರಿಲ್ಲಾಗಳ ನಡುವೆ ನೆಟ್ಟ ನೋಟವೇ ಬೆದರಿಕೆ. ಬಿಡುವು ಕೊಟ್ಟು ನೋಡುವುದು ಲೇಸು. ನಮ್ಮ ನೆಗಡಿಯಂತಹ ಶ್ವಾಸರೋಗಗಳು ಮಹಾವಾನರಗಳಿಗೂ ಅಂಟುವುದರಿಂದ, ಅಸ್ವಸ್ಥರಾದವರು ಆ ದಿನ ಮನೆಯಲ್ಲಿಯೇ ಇರುವುದು ಒಳ್ಳೆಯದು.

ಕೊನೆಯದಾಗಿ ಒಂದು ಸೂಚನೆ. ತೆಗೆದ ಚಿತ್ರವನ್ನು ಇತರರಿಗೆ ತೋರಿಸುವಾಗ ಸ್ಥಳ, ದಿನ, ಹೊತ್ತು, ಪ್ರಾಣಿಯ ಹೆಸರು, ಅದಕ್ಕೆ ಮೊದಲು ನಡೆದ ಸಂಗತಿ ಇಷ್ಟನ್ನೂ ಕೆಳಗೆ ಬರೆಯಿರಿ. ಹಲ್ಲು ಕಿರಿದ ಮುಖವನ್ನು ನಗುವೆಂದು ಬರೆಯುವ ಮುನ್ನ, ಅದರ ಎದುರಿಗೆ ಆಗ ಯಾರಿದ್ದರು ಎಂಬುದನ್ನು ಒಮ್ಮೆ ನೋಡಿ.