ಬೋರ್ಡು ದಾಟಿ ಒಳಗೆ

ಮೂರು ವರ್ಷದ ಮಗಳಿಗೆ ಶಾಲೆ ನೋಡಲು ತಂಗಿ ಹೊರಟಾಗ ನಾನೂ ಜೊತೆಗೆ ಹೊರಟೆ. ಜನವರಿಯ ದಿನ. ನಿಪ್ಪಾಣಿಯಲ್ಲಿ ಮೊದಲು ಕಂಡ ಬೋರ್ಡಿನ ಮೇಲೆ 'ಮಾಂಟೆಸ್ಸರಿ' ಎಂದು ದೊಡ್ಡದಾಗಿ ಬರೆದಿತ್ತು. ಒಳಗೆ ಪುಟ್ಟ ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಕೂತು ಎಬಿಸಿಡಿ ತಿದ್ದುತ್ತಿದ್ದವು. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ತಡೆಯುವವರಿಲ್ಲ.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಚಿಕ್ಕೋಡಿ ಮುಟ್ಟಿದೆವು. ಇಲ್ಲಿ ಮನೆಯ ಮಹಡಿಯೊಂದೇ ಶಾಲೆ. ಮಗುವಿನ ಎದೆಮಟ್ಟದ ಕಪಾಟು, ನೆಲಕ್ಕೆ ಚಾಪೆ. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿ. ಒಬ್ಬ ಹುಡುಗ ಗುಲಾಬಿ ಬಣ್ಣದ ಹತ್ತು ಮರದ ಘನಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದ. ದೊಡ್ಡದು 10 ಸೆಂ.ಮೀ., ಚಿಕ್ಕದು ಒಂದೇ ಸೆಂ.ಮೀ. ನಡುವಿನದೊಂದು ತಪ್ಪಿತು. ಟೀಚರ್ ನೋಡಿದರು, ಏಳಲಿಲ್ಲ. ಹುಡುಗ ತುಸು ಹೊತ್ತು ದಿಟ್ಟಿಸಿ ತಾನೇ ಕೆಡವಿ ಮತ್ತೆ ಕಟ್ಟಿದ. "ತಪ್ಪ ತೋರಸಾಕ ನಾ ಬ್ಯಾಡ್ರಿ ಅಕ್ಕಾರ, ಆ ಕಟಗೀನ ಹೇಳತೈತಿ" ಎಂದರು ಟೀಚರ್. ಇಡೀ ತಿರುಗಾಟದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಈ ಮಾತು.

ರಾಯಬಾಗದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಥಣಿಯಲ್ಲಿ ನಿಂತೆವು. ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಊರಿದು. ಕೈ ಕಲಿಯುವುದೆಂದರೇನು ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಶಾಲೆಯಲ್ಲಿ ಮರದ ಚೌಕಟ್ಟಿಗೆ ಕಟ್ಟಿದ ಬಟ್ಟೆಯ ಮೇಲೆ ಒಂದು ಹುಡುಗಿ ಗುಂಡಿ ಹಾಕುತ್ತ, ತೆಗೆಯುತ್ತ, ಮತ್ತೆ ಹಾಕುತ್ತ ಕೂತಿತ್ತು. ಮುಂದೆ ಪೆನ್ಸಿಲು ಹಿಡಿಯಲಿರುವ ಬೆರಳುಗಳ ತಾಲೀಮು ಅದು.

ಕಾಗವಾಡದ ಆಚೆಗೆ, ಗಡಿ ದಾಟಿದರೆ ಮಿರಜ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ಮಗುವಿಗೆ ಬೆರಳಾಡಿಸಿ ಕಲಿಯುವ ಉಸುಕಿನ ಕಾಗದದ ಅಕ್ಷರ ಯಾವ ಭಾಷೆಯದಿರಬೇಕು? ಮೊದಲು ಮನೆಯದು ಎಂಬುದು ನನ್ನ ಖಚಿತ ಮಾತು. 1939ರಲ್ಲಿ ಮರಿಯಾ ಮಾಂಟೆಸ್ಸರಿ ಮದ್ರಾಸಿನ ಅಡ್ಯಾರಿಗೆ ಬರುವ ಮೊದಲೇ ಗಿಜುಭಾಯಿ ಬಧೇಕಾ ಭಾವನಗರದಲ್ಲಿ ಆಕೆಯ ಈ ಪದ್ಧತಿಯನ್ನು ಗುಜರಾತಿಗೆ ಒಗ್ಗಿಸಿದ್ದರು. 1945ರಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಬೋರ್ಡಿ ಎಂಬ ಹಳ್ಳಿಯಲ್ಲಿ ಬಾಲವಾಡಿ ಕಟ್ಟಿದರು. ಕಲ್ಲು, ಕಾಳು, ಚಿಪ್ಪುಗಳೇ ಅಲ್ಲಿ ಸಾಮಾನು. ದುಬಾರಿ ಸಾಮಾನಿಗೆ ಮರುಳಾಗಬೇಡಿ.

ಫೀ ಕೇಳುವ ಮೊದಲು, ಮಕ್ಕಳಿರುವ ಹೊತ್ತಿಗೆ ಅರ್ಧ ತಾಸು ಗೋಡೆಗೆ ಆತು ಸುಮ್ಮನೆ ಕೂತು ನೋಡಿರಿ. ಕೂಡಲು ಬಿಡದ ಶಾಲೆಗೆ ನಿಮ್ಮ ಮಗುವನ್ನು ಸೇರಿಸಬೇಡಿ.