ಕಲ್ಪಿತ ಲೋಕದ ಕಟ್ಟಳೆಗಳು

ವೈಜ್ಞಾನಿಕ ಕಾದಂಬರಿಯನ್ನು ಬರೆಯುವವನಿಗೆ ಇರುವ ಸ್ವಾತಂತ್ರ್ಯ ದೊಡ್ಡದು. ಬೆಳಕಿಗಿಂತ ವೇಗವಾಗಿ ಓಡುವ ನೌಕೆಯನ್ನು ಅವನು ಒಂದೇ ವಾಕ್ಯದಲ್ಲಿ ಕಟ್ಟಬಲ್ಲನು. ಆದರೆ ಆ ಸ್ವಾತಂತ್ರ್ಯಕ್ಕೆ ಒಂದು ಕಟ್ಟುಪಾಡೂ ಉಂಟು. ಮೊದಲನೆಯ ಅಧ್ಯಾಯದಲ್ಲಿ ತಾನೇ ವಿಧಿಸಿದ ನಿಯಮವನ್ನು ಹತ್ತನೆಯ ಅಧ್ಯಾಯದಲ್ಲಿ ಅವನು ಮುರಿಯಕೂಡದು. ಮುರಿದನೆಂದರೆ ಕಥೆಯಲ್ಲಿನ ಗೆಲುವಿಗೂ ಬೆಲೆಯಿಲ್ಲ, ಸೋಲಿಗೂ ಬೆಲೆಯಿಲ್ಲ. ಯುದ್ಧವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳಲ್ಲಂತೂ ಇದು ಮುಖ್ಯ. ಆಯುಧಗಳ ಮಿತಿಯನ್ನು ತಿಳಿಯದೆ ಸೇನಾನಿಯ ಜಾಣ್ಮೆಯನ್ನು ಅಳೆಯುವುದು ಹೇಗೆ?

ಇಂತಹ ಕಾದಂಬರಿಗಳು ಸಾಮಾನ್ಯವಾಗಿ ಮಾಲೆಗಳಾಗಿ ಬರುತ್ತವೆ. ಅವುಗಳ ಅಭಿಮಾನಿಗಳು ಸೇರಿದಲ್ಲೆಲ್ಲ ಎರಡು ಪ್ರಶ್ನೆಗಳು ಏಳುತ್ತವೆ. ಈ ಲೋಕವನ್ನು ಲೇಖಕನು ಹೇಗೆ ಕಟ್ಟಿದನು? ಈ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದಬೇಕು? ಎರಡನ್ನೂ ಬೇರೆ ಬೇರೆಯಾಗಿ ಚರ್ಚಿಸುವುದು ವಾಡಿಕೆ. ಆದರೆ ಮೊದಲನೆಯದಕ್ಕೆ ಉತ್ತರ ದೊರೆತರೆ ಎರಡನೆಯದಕ್ಕೂ ದೊರೆತಂತೆಯೇ ಎಂಬುದನ್ನು ನಾವು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಅಗಲಬದಿಯ ಫಿರಂಗಿಗಳು

ಅಮೆರಿಕದ ಡೇವಿಡ್ ವೆಬರ್ ಅವರ ಆನರ್ ಹ್ಯಾರಿಂಗ್ಟನ್ ಮಾಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಮೊದಲನೆಯ ಸಂಪುಟ ‘ಆನ್ ಬ್ಯಾಸಿಲಿಸ್ಕ್ ಸ್ಟೇಷನ್’ ೧೯೯೩ರಲ್ಲಿ ಪ್ರಕಟವಾಯಿತು. ನಾಯಕಿಯು ಮ್ಯಾಂಟಿಕೋರ್ ಎಂಬ ನಕ್ಷತ್ರರಾಜ್ಯದ ನೌಕಾಪಡೆಯ ಅಧಿಕಾರಿಣಿ. ಸಿ. ಎಸ್. ಫಾರೆಸ್ಟರ್ ಅವರು ಸೃಷ್ಟಿಸಿದ ಹಾರ್ನ್‌ಬ್ಲೋವರ್ ಎಂಬ ನೌಕಾಧಿಕಾರಿಯ ಕಥೆಗಳೇ ಇದಕ್ಕೆ ಮಾದರಿ. ಅವು ನೆಪೋಲಿಯನ್ನನ ಕಾಲದ ಹಾಯಿಹಡಗುಗಳ ಕಥೆಗಳು. ಆ ಹಡಗುಗಳು ಎರಡು ಪಕ್ಕಗಳಲ್ಲಿ ಫಿರಂಗಿಗಳನ್ನು ಸಾಲಾಗಿ ಜೋಡಿಸಿಕೊಂಡು, ಶತ್ರುವಿಗೆ ಪಕ್ಕವನ್ನು ತೋರಿಸುತ್ತ ಹೋರಾಡುತ್ತಿದ್ದವು.

ವ್ಯೋಮದಲ್ಲಿ ಹಾಗೆ ಹೋರಾಡಬೇಕಾದ ಕಾರಣವೇ ಇಲ್ಲ. ಅಲ್ಲಿ ಗಾಳಿಯಿಲ್ಲ, ನೀರಿಲ್ಲ, ಮೇಲು ಕೆಳಗೆಂಬ ಭೇದವೂ ಇಲ್ಲ. ಆದಕಾರಣ ವೆಬರ್ ಒಂದು ಹೊಸ ನಿಯಮವನ್ನು ಕಲ್ಪಿಸಿದರು. ಅವರ ನೌಕೆಯ ಯಂತ್ರವು ನೌಕೆಯ ಮೇಲೊಂದು, ಕೆಳಗೊಂದು, ಎರಡು ಓರೆಯಾದ ಗುರುತ್ವದ ಹಲಗೆಗಳನ್ನು ಉಂಟುಮಾಡುತ್ತದೆ. ಯಾವ ಆಯುಧವೂ ಅವನ್ನು ಭೇದಿಸಲಾರದು. ಎರಡು ಪಕ್ಕಗಳಿಗೆ ಅದಕ್ಕಿಂತ ದುರ್ಬಲವಾದ ರಕ್ಷೆಯುಂಟು. ಮುಂಭಾಗವೂ ಹಿಂಭಾಗವೂ ತೆರೆದಿರುತ್ತವೆ. ಇಷ್ಟನ್ನು ಒಪ್ಪಿಕೊಂಡರೆ ಮಿಕ್ಕದ್ದೆಲ್ಲ ತಾನಾಗಿ ಬರುತ್ತದೆ. ಆಯುಧಗಳನ್ನು ಪಕ್ಕಗಳಲ್ಲಿಯೇ ಜೋಡಿಸಬೇಕು. ನೌಕೆಗಳು ಸಾಲುಗಟ್ಟಿ ನಿಲ್ಲಬೇಕು. ಶತ್ರುವಿನ ಮೂತಿಗೆ ಅಡ್ಡವಾಗಿ ಹಾಯ್ದವನಿಗೆ ಜಯ. ೧೯೦೫ರ ತ್ಸುಷಿಮಾ ಯುದ್ಧದಲ್ಲಿ ಜಪಾನಿನ ಸೇನಾನಿ ಟೋಗೋ ರಷ್ಯದ ಹಡಗುಗಳ ಸಾಲಿಗೆ ಅಡ್ಡವಾಗಿ ಹಾಯ್ದ ತಂತ್ರವೇ ಇಲ್ಲಿ ಮತ್ತೊಮ್ಮೆ ಪ್ರಯೋಜನಕ್ಕೆ ಬರುತ್ತದೆ. ಇಂತಹ ಗುರುತ್ವದ ಹಲಗೆ ಪ್ರಕೃತಿಯಲ್ಲಿ ಇಲ್ಲವೆಂಬುದು ನಿಜ. ಆದರೆ ರೇಖಾಗಣಿತದ ಸ್ವಯಂಸಿದ್ಧಗಳಂತೆ, ಒಂದನ್ನು ಒಪ್ಪಿದ ಮೇಲೆ ನೂರು ಪ್ರಮೇಯಗಳು ಅದರಿಂದ ಹುಟ್ಟುತ್ತವೆ. ಲೋಕನಿರ್ಮಾಣವೆಂದರೆ ಇದೇ.

ಒಂದು ಸಣ್ಣ ಲೆಕ್ಕ

ಈ ನೌಕೆಗಳ ವೇಗೋತ್ಕರ್ಷ ಭೂಗುರುತ್ವದ ನೂರಾರು ಪಟ್ಟು. ೪೦೦ ಪಟ್ಟು ಎಂದಿಟ್ಟುಕೊಳ್ಳೋಣ. ಸೂರ್ಯನಿಂದ ಭೂಮಿಗಿರುವ ೧೫ ಕೋಟಿ ಕಿಲೋಮೀಟರುಗಳಷ್ಟು ದೂರವನ್ನು ನೌಕೆ ಕ್ರಮಿಸಬೇಕಾಗಿದೆ. ಅರ್ಧ ದಾರಿ ವೇಗವನ್ನು ಹೆಚ್ಚಿಸಿಕೊಂಡು, ಉಳಿದರ್ಧ ತಗ್ಗಿಸಿಕೊಂಡು ಗುರಿಯಲ್ಲಿ ನಿಲ್ಲಬೇಕು. ಭೂಗುರುತ್ವದಷ್ಟೇ ವೇಗೋತ್ಕರ್ಷವಿದ್ದರೆ ಇದಕ್ಕೆ ಸುಮಾರು ೬೯ ಗಂಟೆಗಳು ಬೇಕು. ೪೦೦ ಪಟ್ಟಾದರೆ? ಕಾಲವು ವೇಗೋತ್ಕರ್ಷದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ಅದು ೪೦೦ರಲ್ಲಿ ಒಂದು ಪಾಲಾಗದೆ ೨೦ರಲ್ಲಿ ಒಂದು ಪಾಲಷ್ಟೇ ಆಗುತ್ತದೆ. ಅಂದರೆ ಸುಮಾರು ೩ ಗಂಟೆ ೨೬ ನಿಮಿಷ. ಹಾಯಿಹಡಗುಗಳು ಒಂದನ್ನೊಂದು ಕಂಡ ಮೇಲೆ ಗಂಟೆಗಟ್ಟಲೆ ಹತ್ತಿರವಾಗುತ್ತಿದ್ದಂತೆಯೇ ಇಲ್ಲಿಯೂ ನಡೆಯುತ್ತದೆ. ನಾಯಕಿಗೆ ಯೋಚಿಸಲು ಸಮಯವಿರುತ್ತದೆ, ಓದುಗನಿಗೆ ಕಳವಳಪಡಲೂ ಸಮಯವಿರುತ್ತದೆ.

ಆದರೆ ೬೦ ಕಿಲೋಗ್ರಾಂ ತೂಗುವ ಮನುಷ್ಯನು ಆ ನೌಕೆಯಲ್ಲಿ ೨೪ ಟನ್ ತೂಗುವನು; ಕ್ಷಣಮಾತ್ರವೂ ಬದುಕಲಾರನು. ಆದಕಾರಣ ಜಡತ್ವವನ್ನು ಸರಿದೂಗಿಸುವ ಇನ್ನೊಂದು ಯಂತ್ರವನ್ನು ಲೇಖಕರು ಕಲ್ಪಿಸಲೇಬೇಕಾಯಿತು. ಅದು ಕೆಟ್ಟರೆ ನೌಕೆಯಲ್ಲಿದ್ದವರೆಲ್ಲರೂ ಒಡನೆಯೇ ಸಾಯುತ್ತಾರೆ. ಈ ವಿಷಯದಲ್ಲಿ ವೆಬರ್ ಯಾರಿಗೂ ರಿಯಾಯಿತಿ ತೋರಿಸಿಲ್ಲ.

ಇನ್ನೊಂದು ಅಂಶ. ಅಷ್ಟು ದೂರಕ್ಕೆ ಬೆಳಕು ಹೋಗಲು ೮ ನಿಮಿಷ ೨೦ ಸೆಕೆಂಡು ಬೇಕು. ಈ ಮಾಲೆಯಲ್ಲಿಯೂ ರೇಡಿಯೋ ಸಂದೇಶ ಅಷ್ಟೇ ತಡವಾಗಿ ಬರುತ್ತದೆ; ಆದರೆ ಗುರುತ್ವದ ಕಂಪನ ಬೆಳಕನ್ನು ಮೀರಿ ಬರುತ್ತದೆ. ನಮ್ಮ ಲೋಕದಲ್ಲಿ ಹಾಗಿಲ್ಲ. ೨೦೧೭ರ ಆಗಸ್ಟಿನಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದಾಗ ಹೊರಟ ಗುರುತ್ವದ ಅಲೆಗಳೂ ಗ್ಯಾಮಾ ಕಿರಣಗಳೂ ಸುಮಾರು ೧೩ ಕೋಟಿ ಜ್ಯೋತಿರ್ವರ್ಷಗಳನ್ನು ದಾಟಿ, ಎರಡು ಸೆಕೆಂಡುಗಳಿಗಿಂತ ಕಡಿಮೆ ಅಂತರದಲ್ಲಿ ಭೂಮಿಯನ್ನು ಸೇರಿದವು. ಎರಡರ ವೇಗವೂ ಒಂದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಕಥೆಯಲ್ಲಿ ಯಾವುದು ಕಲ್ಪಿತ, ಯಾವುದು ನೈಜ ಎಂದು ವಿಂಗಡಿಸಿಕೊಂಡು ಓದುವುದು ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ.

ಓದುಗರು ಹಿಡಿದ ತಪ್ಪು

ಓದುಗರ ಚರ್ಚೆ ಬರಿಯ ಹರಟೆಯಲ್ಲ. ಈ ಮಾಲೆಯ ನೌಕೆಗಳಿಗೆ ಮೊದಲು ಕೊಟ್ಟಿದ್ದ ಉದ್ದಕ್ಕೂ ತೂಕಕ್ಕೂ ಹೊಂದಿಕೆಯಿಲ್ಲವೆಂಬುದನ್ನು ಲೆಕ್ಕ ಬಲ್ಲವರು ಕಂಡುಹಿಡಿದರು. ಅದು ಹೇಗೆಂಬುದನ್ನು ನಮ್ಮದೇ ಅಂಕಿಗಳಿಂದ ವಿವರಿಸುತ್ತೇವೆ. ೮೦ ಲಕ್ಷ ಟನ್ ತೂಗುವ ನೌಕೆಯೊಂದು ೪ ಕಿಲೋಮೀಟರ್ ಉದ್ದದ, ೫೦೦ ಮೀಟರ್ ವ್ಯಾಸದ ಸಿಲಿಂಡರಿನಂತಿದೆ ಎನ್ನೋಣ. ಅದರ ಘನಫಲ ಸುಮಾರು ೭೮ ಕೋಟಿ ಘನಮೀಟರು. ಭಾಗಿಸಿದರೆ ಒಂದು ಘನಮೀಟರಿಗೆ ೧೦ ಕಿಲೋಗ್ರಾಂ ಮಾತ್ರ ಬರುತ್ತದೆ. ನೀರಿಗೆ ಇದು ೧೦೦೦. ಉಕ್ಕಿಗೆ ಸುಮಾರು ೭೮೦೦. ಕವಚ ತೊಟ್ಟ ಯುದ್ಧನೌಕೆ ಹತ್ತಿಗಿಂತಲೂ ಹಗುರವಾಗಿಬಿಟ್ಟಿತು!

ಉದ್ದ, ಅಗಲ, ಎತ್ತರಗಳನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಘನಫಲ ೨೭ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಾಂದ್ರತೆ ೨೭ ಪಟ್ಟು ಏರುತ್ತದೆ. ವೆಬರ್ ಅವರ ಲೋಕದಲ್ಲಿಯೂ ಮುಂದೆ ಇದನ್ನೇ ಮಾಡಲಾಯಿತು. ತೂಕವನ್ನು ಹಾಗೆಯೇ ಉಳಿಸಿ, ಅಳತೆಗಳನ್ನು ಕುಗ್ಗಿಸಿದರು. ಅಭಿಮಾನಿಗಳು ಇದನ್ನು ‘ಮಹಾ ಮರುಅಳತೆ’ ಎಂದು ಕರೆಯುತ್ತಾರೆ. ಗುರುತ್ವದ ಹಲಗೆಯನ್ನು ನಗುತ್ತ ಒಪ್ಪಿಕೊಂಡ ಓದುಗರು ತಪ್ಪಾದ ಸಾಂದ್ರತೆಯನ್ನು ಮಾತ್ರ ಒಪ್ಪಲಿಲ್ಲವೆಂಬುದನ್ನು ಗಮನಿಸಬೇಕು. ಮೊದಲನೆಯದು ಘೋಷಿಸಿದ ಕಲ್ಪನೆ. ಎರಡನೆಯದು ಅಂಕಗಣಿತದ ದೋಷ.

ಎಲ್ಲಿಂದ ಆರಂಭಿಸಬೇಕು?

ಇನ್ನು ಓದಿನ ಕ್ರಮ. ಇಲ್ಲಿ ಎರಡು ಪಕ್ಷಗಳಿವೆ. ಪ್ರಕಟವಾದ ಕ್ರಮದಲ್ಲಿ ಓದಬೇಕೆಂಬುದು ಒಂದು. ಕಥೆಯೊಳಗಿನ ಕಾಲದ ಕ್ರಮದಲ್ಲಿ ಓದಬೇಕೆಂಬುದು ಇನ್ನೊಂದು. ವೆಬರ್ ಮತ್ತು ಟಿಮೊತಿ ಜಾನ್ ಬರೆದ ‘ಎ ಕಾಲ್ ಟು ಡ್ಯೂಟಿ’ ೨೦೧೪ರಲ್ಲಿ ಬಂದಿತು. ಅದರ ಕಥೆಯಾದರೋ ಹ್ಯಾರಿಂಗ್ಟನ್ನಳ ಕಾಲಕ್ಕಿಂತ ಮುನ್ನೂರಕ್ಕೂ ಹೆಚ್ಚು ವರ್ಷಗಳಷ್ಟು ಹಿಂದಿನದು. ಎರಡನೆಯ ಪಕ್ಷದವರು ಅಂತಹ ಪುಸ್ತಕದಿಂದಲೇ ಆರಂಭಿಸಬೇಕಾಗುತ್ತದೆ.

ನಾವು ಈ ಮಾಲೆಯ ಮಟ್ಟಿಗೆ ಮೊದಲನೆಯ ಪಕ್ಷದವರು. ಕಾರಣವಿಷ್ಟೆ: ಇಲ್ಲಿ ನಿಯಮಗಳೂ ಆಯುಧಗಳೂ ಸಂಪುಟದಿಂದ ಸಂಪುಟಕ್ಕೆ ಬೆಳೆಯುತ್ತವೆ. ಮೊದಮೊದಲು ಕ್ಷಿಪಣಿಗಳು ನೌಕೆಯ ಪಕ್ಕಗಳಿಂದ ಹೊರಡುತ್ತವೆ. ಅನಂತರ ನೌಕೆಗಳು ಕ್ಷಿಪಣಿಗಳ ಗೂಡುಗಳನ್ನು ಹಿಂದೆ ಎಳೆದೊಯ್ಯುತ್ತವೆ. ಬಳಿಕ ಹಲವು ಹಂತಗಳಲ್ಲಿ ಉರಿದು ಬಹುದೂರ ಹೋಗುವ ಕ್ಷಿಪಣಿಗಳು ಬರುತ್ತವೆ. ಗುರುತ್ವದ ಕಂಪನದಿಂದ ಸಂದೇಶ ಕಳುಹಿಸುವ ವಿದ್ಯೆಯೂ ಹೀಗೆಯೇ ಮೆಲ್ಲಮೆಲ್ಲನೆ ಬೆಳೆಯುತ್ತದೆ. ಕೊನೆಯ ಸಂಪುಟವನ್ನು ಮೊದಲು ಓದಿದವನಿಗೆ ಈ ಇತಿಹಾಸ ಕಾಣಿಸದು. ದೂರಸಂವೇದಿಯ ಚರಿತ್ರೆಯನ್ನು ತಿಳಿಯದೆ ಮೊಬೈಲನ್ನು ಹಿಡಿದವನಂತೆ ಅವನಿಗೆ ಎಲ್ಲವೂ ಸಹಜವೆನಿಸುತ್ತದೆ. ಅಷ್ಟೇ ಅಲ್ಲದೆ, ಪೂರ್ವಕಥೆಯಲ್ಲಿ ಮ್ಯಾಂಟಿಕೋರಿನ ಜನರು ತಮ್ಮ ಬಳಿಯಲ್ಲಿಯೇ ಇರುವ ವರ್ಮ್‌ಹೋಲನ್ನು, ಎಂದರೆ ದೂರದೂರದ ನಕ್ಷತ್ರಗಳನ್ನು ಕೂಡಿಸುವ ಒಳದಾರಿಯನ್ನು, ಇನ್ನೂ ಅರಿಯರು. ಮುಖ್ಯಮಾಲೆಯನ್ನು ಓದಿದವನು ಅರಿತಿರುತ್ತಾನೆ. ಪಾತ್ರಗಳು ಅರಿಯದುದನ್ನು ತಾನು ಅರಿತಿರುವುದೇ ಅಲ್ಲಿನ ಸ್ವಾರಸ್ಯ.

೨೦೦೩ರಿಂದ ಮಾಲೆ ಕವಲೊಡೆಯಿತು. ಎರಿಕ್ ಫ್ಲಿಂಟ್ ಅವರೊಡನೆ ಬರೆದ ‘ಕ್ರೌನ್ ಆಫ್ ಸ್ಲೇವ್ಸ್’ಗಾಗಿ, ಬಹುಕಾಲದ ಅನಂತರ ತರಬೇಕೆಂದಿದ್ದ ಘಟನೆಗಳನ್ನು ವೆಬರ್ ಮುಂಚಿತವಾಗಿಯೇ ತರಬೇಕಾಯಿತು. ಅಲ್ಲಿಂದ ಮುಂದೆ ಒಂದೇ ಘಟನೆ ಎರಡು ಮೂರು ಪುಸ್ತಕಗಳಲ್ಲಿ ಬೇರೆ ಬೇರೆ ಕಡೆಗಳಿಂದ ಕಾಣಿಸಿಕೊಳ್ಳುತ್ತದೆ. ಈ ಭಾಗದಲ್ಲಿಯೂ ಪ್ರಕಟಣೆಯ ಕ್ರಮವನ್ನು ಹಿಡಿದವನು ದಾರಿ ತಪ್ಪಲಾರನು.

ಆದರೆ ಇದನ್ನು ಎಲ್ಲ ಮಾಲೆಗಳಿಗೂ ಅನ್ವಯಿಸುವಂತಿಲ್ಲ. ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಅವರ ವೋರ್ಕೋಸಿಗನ್ ಮಾಲೆಯಲ್ಲಿ ‘ಶಾರ್ಡ್ಸ್ ಆಫ್ ಆನರ್’ ೧೯೮೬ರಲ್ಲಿ ಬಂದಿತು. ಅದರ ನೇರ ಮುಂದುವರಿಕೆಯಾದ ‘ಬ್ಯಾರಯಾರ್’ ಪ್ರಕಟವಾದುದು ೧೯೯೧ರಲ್ಲಿ. ನಡುವೆ ಬೇರೆ ಸಂಪುಟಗಳು ಬಂದಿದ್ದವು. ಇವೆರಡನ್ನೂ ಒಟ್ಟಿಗೆ ಓದಿದರೆ ಒಂದೇ ಅಖಂಡ ಕಥೆ. ಅಲ್ಲಿ ಯಂತ್ರಗಳಿಗಿಂತ ಮನುಷ್ಯರೇ ಹೆಚ್ಚು ಬದಲಾಗುತ್ತಾರೆ. ಬಾಲ್ಯ, ಯೌವನ, ಪ್ರೌಢಿಮೆ ಎಂಬ ಬಾಳಿನ ಕ್ರಮವೇ ಅಲ್ಲಿ ಓದಿನ ಕ್ರಮವಾಗುವುದು ಯುಕ್ತ.

ಹೀಗೆ, ಲೋಕದ ನಿಯಮಗಳು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುವಲ್ಲಿ ಪ್ರಕಟಣೆಯ ಕ್ರಮ. ನಿಯಮಗಳು ನಿಂತು ಮನುಷ್ಯರು ಬೆಳೆಯುವಲ್ಲಿ ಬಾಳಿನ ಕ್ರಮ. ಹೊಸ ಮಾಲೆಯೊಂದು ಕೈಗೆ ಬಂದಾಗ ವಿದ್ಯಾರ್ಥಿಗಳು ಈ ಅಳತೆಗೋಲನ್ನು ಹಚ್ಚಿ ನೋಡಲಿ. ಓದುವಾಗ ಪಕ್ಕದಲ್ಲಿ ಒಂದು ಪೆನ್ಸಿಲನ್ನೂ ಕಾಗದವನ್ನೂ ಇಟ್ಟುಕೊಳ್ಳಲಿ. ಲೇಖಕನು ನೌಕೆಯ ಉದ್ದವನ್ನೂ ತೂಕವನ್ನೂ ಹೇಳಿದ ಕೂಡಲೇ ಒಮ್ಮೆ ಭಾಗಿಸಿ ನೋಡಲಿ. ಕಥೆಯ ರುಚಿ ಇದರಿಂದ ಕೆಡುವುದಿಲ್ಲ. ಲೆಕ್ಕ ಸರಿಹೊಂದಿದಾಗ ಇಮ್ಮಡಿಯಾಗುತ್ತದೆ.